ಹರಟೆಯ ನಡುವೆ ಕೂತ ಮೂರನೆಯವರು

ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಪ್ರೋಗ್ರಾಮಿನ ವಿವರ ಪ್ರಕಟಿಸಿದರು. ಎದುರಿನವರ ಮಾತಿನಿಂದ ಒಂದೆರಡು ಪದ ಹಿಡಿದು, ಅದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದು, ಅದಕ್ಕೆ ಬರುತ್ತಿದ್ದ ವಿದ್ಯೆ ಅಷ್ಟೇ. ತಿಂಗಳುಗಟ್ಟಲೆ ಆ ಕೆಲಸವನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಎಲೈಜಾ ಜೊತೆ ಮಾತಿಗೆ ಕೂತಾಗ, ದಯವಿಟ್ಟು ಹೊರಗಿರಿ ಎಂದು ವೈಜೆನ್‌ಬಾಮ್‌ರನ್ನು ಕೇಳಿಕೊಂಡರಂತೆ. ಯಂತ್ರವೆಂದು ಗೊತ್ತಿದ್ದೂ ಮನಸ್ಸು ಬಿಚ್ಚುವ ಈ ವರ್ತನೆಗೆ ಏನೆನ್ನಬೇಕು?

ಸಂಶೋಧಕರ ಬಳಿ ಉತ್ತರಗಳಿಗೆ ಬರವಿಲ್ಲ. ಟಿವಿ ನಿರೂಪಕರನ್ನು ವೀಕ್ಷಕರು ಆಪ್ತರೆಂದೇ ಭಾವಿಸುವುದನ್ನು ಹಾರ್ಟನ್ ಮತ್ತು ವೋಲ್ 1956ರಲ್ಲೇ ಏಕಮುಖ ನಂಟು ಎಂಬ ಅರ್ಥದಲ್ಲಿ ವಿವರಿಸಿದ್ದರು. ಅದನ್ನು ಚಾಟ್‌ಬಾಟ್‌ಗೂ ಅನ್ವಯಿಸುವವರಿದ್ದಾರೆ. ಆದರೆ ನಿರೂಪಕರು ನಮ್ಮ ಹೆಸರು ಹಿಡಿದು ಉತ್ತರಿಸುತ್ತಿರಲಿಲ್ಲ, ಚಾಟ್‌ಬಾಟ್ ಉತ್ತರಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಕ್ಲಿಫರ್ಡ್ ನಾಸ್ ಬಳಗದ ಪ್ರಯೋಗವೊಂದು ಇನ್ನೂ ತಮಾಷೆಯದು: ಪಾಠ ಹೇಳಿಕೊಟ್ಟ ಕಂಪ್ಯೂಟರ್ ಹೇಗಿತ್ತೆಂದು ಅದೇ ಕಂಪ್ಯೂಟರ್ ಕೇಳಿದರೆ ಜನ ಒಳ್ಳೆಯ ಮಾತಾಡುತ್ತಿದ್ದರು, ಬೇರೆ ಕಂಪ್ಯೂಟರ್ ಕೇಳಿದರೆ ಅಷ್ಟು ಹೊಗಳುತ್ತಿರಲಿಲ್ಲ. ಯಂತ್ರದ ಮುಂದೂ ದಾಕ್ಷಿಣ್ಯ! ಇತ್ತೀಚೆಗೆ, ಗೆಳೆತನ ಹಂತಹಂತವಾಗಿ ಗಾಢವಾಗುವ ಬಗೆಯನ್ನು ಹೇಳುವ ಹಳೆಯ ಸಿದ್ಧಾಂತವನ್ನೇ ಹಿಡಿದು ನಾರ್ವೆಯ ಸಂಶೋಧಕರು, ಸಂಗಾತಿಯಂತೆ ಹರಟುವ ‘ರೆಪ್ಲಿಕಾ’ ಎಂಬ ಚಾಟ್‌ಬಾಟ್ ಆ್ಯಪ್‌ನ ಬಳಕೆದಾರರನ್ನು ಅಭ್ಯಸಿಸಿದರು. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೂ ಎಲ್ಲದರ ಬೆಳಕು ಬೀಳುವುದು ಮನುಷ್ಯನ ಮನಸ್ಸಿನ ಮೇಲೆ, ಇಲ್ಲವೇ ಪರದೆಯ ಮೇಲೆ. ಪರದೆಯ ಹಿಂದೆ ಕೂತ ಕಂಪನಿ ಕತ್ತಲಲ್ಲೇ ಉಳಿಯುತ್ತದೆ.

ಆ ಕಂಪನಿಯನ್ನು ಬಿಟ್ಟರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆಂಬುದಕ್ಕೆ ರೆಪ್ಲಿಕಾದ ಕಥೆಯೇ ಸಾಕ್ಷಿ. 2023ರ ಫೆಬ್ರುವರಿಯಲ್ಲಿ ಇಟಲಿಯ ದತ್ತಾಂಶ ರಕ್ಷಣಾ ಪ್ರಾಧಿಕಾರ ದೇಶದ ಬಳಕೆದಾರರ ಮಾಹಿತಿ ಬಳಸದಂತೆ ಆ ಆ್ಯಪ್‌ ಅನ್ನು ತಡೆಯಿತು. ಅದೇ ದಿನಗಳಲ್ಲಿ ಕಂಪನಿ ಆ್ಯಪ್‌ನ ಪ್ರಣಯದ ಮಾತುಕತೆಗೆ ಕತ್ತರಿ ಹಾಕಿತು. ನಿನ್ನೆಯವರೆಗೆ ಸಲುಗೆಯಿಂದಿದ್ದ ‘ಸಂಗಾತಿ’ ಬೆಳಗಾಗುವಷ್ಟರಲ್ಲಿ ಅಪರಿಚಿತನಂತೆ ಮಾತಾಡತೊಡಗಿದಾಗ ಹಲವರು ಸಾವಿನ ಮನೆಯವರಂತೆ ದುಃಖಿಸಿದರು. ಜಗಳವಾಗಿರಲಿಲ್ಲ, ಮನಸ್ತಾಪವೂ ಇರಲಿಲ್ಲ. ಮುಂದಿನ ತಿಂಗಳು ಹಳೆಯ ಬಳಕೆದಾರರಿಗೆ ಮಾತ್ರ ಹಿಂದಿನ ರೂಪವನ್ನು ಮರಳಿಸಿದ್ದೂ ಕಂಪನಿಯೇ. ಹಾಗಾಗಿ ಇದನ್ನು ಇಬ್ಬರ ನಂಟು ಎನ್ನುವುದಕ್ಕಿಂತ ಮೂವರ ವ್ಯವಹಾರ ಎನ್ನುವುದೇ ಸರಿ.

ಫೋನಿನ ನಡುವೆಯೂ ಕಂಪನಿಯಿದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಆಚೆ ತುದಿಯ ಗೆಳತಿಯ ಸ್ವಭಾವವನ್ನು ತಿದ್ದುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಒಂಟಿಯಾಗಿರುವವರಿಗೆ ಸಮಾಧಾನ ಸಿಕ್ಕರೆ ಯಜಮಾನ ಯಾರಾದರೇನು? ಸಮಾಧಾನ ಸುಳ್ಳಲ್ಲ, ಇಂಥ ಹರಟೆಯ ಬಳಿಕ ಒಂಟಿತನ ತುಸು ತಗ್ಗುತ್ತದೆಂದು ತೋರಿಸಿದ ಅಧ್ಯಯನಗಳಿವೆ. ಆದರೆ ಚಾಟ್‌ಜಿಪಿಟಿಯ ಕಂಪನಿಯಾದ ಓಪನ್‌ಎಐ ಮತ್ತು ಎಂಐಟಿ ಮೀಡಿಯಾ ಲ್ಯಾಬ್ ಸುಮಾರು ಸಾವಿರ ಜನರನ್ನು ನಾಲ್ಕು ವಾರ ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಹೆಚ್ಚು ಹೊತ್ತು ಚಾಟ್‌ಜಿಪಿಟಿ ಬಳಸಿದವರಲ್ಲಿ ಒಂಟಿತನವೂ ಅವಲಂಬನೆಯೂ ಹೆಚ್ಚಾಗಿ ಕಂಡವು. ಬಳಕೆಯಿಂದ ಒಂಟಿತನವೋ, ಒಂಟಿತನದಿಂದ ಬಳಕೆಯೋ, ಅದನ್ನು ಬಿಡಿಸಿ ಹೇಳುವುದು ಕಷ್ಟ. ಎಷ್ಟು ಬಳಸಿದರೆ ಸಾಕು ಎನ್ನುವುದರಲ್ಲಿ ಮಾತ್ರ ಬಳಕೆದಾರನ ಹಿತ ಮತ್ತು ಕಂಪನಿಯ ಹಿತ ಸದಾ ಒಂದೇ ಆಗಿರಬೇಕೆಂದಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಜಿಪಿಟಿ-5 ಎಂಬ ಹೊಸ ಮಾದರಿ ಬಂದಾಗ ಹಳೆಯ ಮಾದರಿ ಜಿಪಿಟಿ-4ಒ ಚಾಟ್‌ಜಿಪಿಟಿಯಿಂದ ಮಾಯವಾಯಿತು. ಅದರ ಒಡನಾಟಕ್ಕೆ ಒಗ್ಗಿದ್ದವರು ಗೋಗರೆದರು. ಕೆಲವೇ ದಿನಗಳಲ್ಲಿ ಅದು ಮರಳಿತು, ಚಂದಾ ಕಟ್ಟುವವರಿಗೆ.