ರೋಗಿಯ ರಾತ್ರಿಗೆ ಪರಿಮಳದ ನೆರವು

ಹಗಲು ಹೇಗೋ ಕಳೆಯುತ್ತದೆ; ಆಸ್ಪತ್ರೆಯಲ್ಲಿ ಮಲಗಿದವರಿಗೆ ಕಷ್ಟವಾಗುವುದು ರಾತ್ರಿ. ನೋಡಲು ಬಂದವರೆಲ್ಲ ಮನೆಗೆ ತೆರಳಿದ ಮೇಲೆ ನೋವು ಇಮ್ಮಡಿಯಾದಂತೆ ತೋರುತ್ತದೆ, ಚಿಂತೆ ಎದ್ದು ಕೂರುತ್ತದೆ. ಕ್ಯಾನ್ಸರ್ ರೋಗಿಗಳಿಗಂತೂ ಕೊಡುವ ಕೆಲವು ಔಷಧಗಳೇ, ಮುಖ್ಯವಾಗಿ ಸ್ಟೀರಾಯ್ಡುಗಳು, ನಿದ್ರೆಯನ್ನು ಓಡಿಸುವುದುಂಟು. ಇಂಥವರಿಗೆ ಪರಿಮಳದಿಂದ ತುಸು ನೆಮ್ಮದಿ ಕೊಡುವ ಕ್ರಮವೊಂದು ಕೆಲವು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಅದರ ಹೆಸರು ಅರೋಮಾಥೆರಪಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟ್‌ಫೊಸೆ ೧೯೩೭ರಲ್ಲಿ ತಮ್ಮ ಗ್ರಂಥಕ್ಕೆ ಇಟ್ಟ ಹೆಸರಿದು. ನಾವು ಸುಗಂಧ ಚಿಕಿತ್ಸೆ ಎನ್ನಬಹುದು.

ಪರಿಮಳಕ್ಕೂ ನಿದ್ರೆಗೂ ಏನು ನಂಟು? ಕಣ್ಣು ಕಿವಿಗಳು ತರುವ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಠಾಣೆಯನ್ನು ಹಾದು ಮುಂದೆ ಹೋಗುತ್ತದೆ. ಮೂಗಿನ ಸುದ್ದಿಗೆ ಈ ಸುತ್ತುದಾರಿ ಬೇಕಿಲ್ಲ. ಭಾವನೆ, ನೆನಪುಗಳ ನೆಲೆಗಳನ್ನು ಅದು ಬೇಗನೆ ಮುಟ್ಟುತ್ತದೆ. ಮಲ್ಲಿಗೆಯ ದಂಡೆಯೊಂದು ಎಂದೋ ಕಂಡ ಮದುವೆಮನೆಯನ್ನು ತಟ್ಟನೆ ನೆನಪಿಗೆ ತರುವುದಿಲ್ಲವೇ? ಹಾಗೆಯೇ ಹಿತವಾದ ವಾಸನೆ ಮನಸ್ಸಿನ ಬಿಗಿಯನ್ನು ಸಡಿಲಿಸಬಲ್ಲುದು.

ಕ್ಯಾನ್ಸರ್ ರೋಗಿಗಳ ನಿದ್ರೆಯನ್ನು ಕುರಿತ ಒಂದು ವರದಿ ೨೦೧೬ರಲ್ಲಿ ಇಂಗ್ಲೆಂಡಿನಿಂದ ಬಂದಿತು. ನೆಗಡಿಯಾದಾಗ ಮೂಗಿಗೆ ಹಿಡಿಯುವಂಥ ಪುಟ್ಟ ಕೊಳವೆಯೇ ಅಲ್ಲಿಯ ಸಾಧನ. ಕೆಲವು ಕೊಳವೆಗಳಲ್ಲಿ ಶ್ರೀಗಂಧದೊಡನೆ ಬರ್ಗಮಟ್ ಎಂಬ ನಿಂಬೆ ಜಾತಿಯ ಹಣ್ಣಿನ ತೈಲ. ಉಳಿದವುಗಳಲ್ಲಿ ಲ್ಯಾವೆಂಡರ್ ಮೊದಲಾದ ಬೇರೆ ತೈಲಗಳು. ೧೩ ವಾರಗಳಲ್ಲಿ ೬೫ ಕೊಳವೆಗಳ ವಿವರ ಸಂಗ್ರಹಿಸಿದಾಗ, ನೂರಕ್ಕೆ ೬೪ ರೋಗಿಗಳಲ್ಲಿ ನಿದ್ರೆ ಸ್ವಲ್ಪವಾದರೂ ಸುಧಾರಿಸಿತ್ತು. ಆದರೆ ಇದು ರೋಗಿಗಳೇ ಹೇಳಿದ ಅನುಭವ. ಕೊಳವೆ ಬಳಸದವರೊಡನೆ ಹೋಲಿಸಿ ನೋಡಿದ ಪರೀಕ್ಷೆಯಲ್ಲ. ಆದಕಾರಣ ಆಶೆ ಪಡಬಹುದು, ಸಿದ್ಧಪಟ್ಟಿತೆನ್ನಲಾಗದು.

ಕೊಳವೆಯೇ ಏಕೆ? ವಾರ್ಡಿನಲ್ಲಿ ಒಬ್ಬರಿಗೆ ಹಿತವಾದದ್ದು ಪಕ್ಕದವರಿಗೆ ವಾಕರಿಕೆ ತರಬಹುದು. ಕೀಮೋಥೆರಪಿಯ ದಿನಗಳಲ್ಲಿ ಮೊದಲು ಇಷ್ಟವಾಗಿದ್ದ ವಾಸನೆಯೇ ಅಸಹ್ಯವಾಗುವುದೂ ಉಂಟು. ಕೊಳವೆಯ ಪರಿಮಳವಾದರೋ ಹಿಡಿದವರಿಗಷ್ಟೇ, ಬೇಡವೆನಿಸಿದರೆ ಮುಚ್ಚಿಡಬಹುದು.

ಕೆಲವು ಎಚ್ಚರಿಕೆಗಳು ಅವಶ್ಯ. ಈ ತೈಲಗಳನ್ನು ಕುಡಿಯಬಾರದು. ವಿಕಿರಣ ಚಿಕಿತ್ಸೆ ಪಡೆದ ಚರ್ಮಕ್ಕೆ ಹಚ್ಚಬಾರದು. ಆಮ್ಲಜನಕ ಕೊಡುತ್ತಿರುವ ಕಡೆ ಊದುಬತ್ತಿ ಹಚ್ಚುವುದು ಅಪಾಯ. ಉಬ್ಬಸವಿದ್ದವರು ವೈದ್ಯರನ್ನು ಕೇಳದೆ ಬಳಸಕೂಡದು. ಎಲ್ಲಕ್ಕೂ ಮಿಗಿಲಾಗಿ, ಪರಿಮಳವು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ನೋವಿನ ಔಷಧಕ್ಕೆ ಬದಲಾಗಲಾರದು. ನೋವಿನಿಂದ ನಿದ್ರೆ ಬಾರದಿದ್ದರೆ ರೋಗಿ ಸಂಕೋಚವಿಲ್ಲದೆ ದಾದಿಯರಿಗೆ ತಿಳಿಸಬೇಕು.

ರೋಗಿಯ ಬಳಿ ರಾತ್ರಿ ಉಳಿಯುವ ಮನೆಯವರು ಯಾವ ಪರಿಮಳವನ್ನೂ ತಾವಾಗಿಯೇ ಆರಿಸಿ ತರುವುದು ಬೇಡ. ಮೊದಲು ವೈದ್ಯರನ್ನು ವಿಚಾರಿಸಿ, ಆಮೇಲೆ ರೋಗಿಯನ್ನೇ ಕೇಳಲಿ: “ನಿಮಗೆ ಯಾವ ವಾಸನೆ ಹಿತ?”