ಪರದೆ ಕಪ್ಪಾದಾಗ: ಡಿಸ್‌ಪ್ಲೇ ಎಮ್ಯುಲೇಟರ್ ಅಡಾಪ್ಟರಿನ ಬಳಕೆ

ಗ್ರಾಮ ಸಭೆಯಲ್ಲಿ ವಸತಿ ಫಲಾನುಭವಿಗಳ ಪಟ್ಟಿಯನ್ನು ಓದಿ ಹೇಳುವುದರ ಜೊತೆಗೆ ಪ್ರೊಜೆಕ್ಟರ್ ಮೂಲಕ ಪರದೆಯ ಮೇಲೆಯೂ ತೋರಿಸುವ ರೂಢಿ ಈಗ ಹಲವು ಪಂಚಾಯಿತಿಗಳಲ್ಲಿದೆ. ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯಿತಿಯಲ್ಲಿ ಹೀಗೆ ಪಟ್ಟಿಯ ಮೂರನೆಯ ಪುಟ ತೋರಿಸುತ್ತಿದ್ದಾಗ ವಿದ್ಯುತ್ ಹೋಯಿತು. ಗಣಕಯಂತ್ರ ಯುಪಿಎಸ್ ಮೇಲಿದ್ದುದರಿಂದ ಚಾಲನೆಯಲ್ಲಿಯೇ ಇತ್ತು. ಪ್ರೊಜೆಕ್ಟರ್ ಮಾತ್ರ ಆರಿತು. ಇಪ್ಪತ್ತು ನಿಮಿಷಗಳ ನಂತರ ವಿದ್ಯುತ್ ಬಂದು ಪ್ರೊಜೆಕ್ಟರಿನ ದೀಪ ಹೊತ್ತಿದರೂ 'ಸಿಗ್ನಲ್ ಇಲ್ಲ' ಎಂಬ ಸೂಚನೆಯ ಹೊರತು ಏನೂ ಮೂಡಲಿಲ್ಲ. ಕೊನೆಗೆ ಯಂತ್ರವನ್ನು ಮರುಚಾಲನೆ ಮಾಡಿ, ಕಡತವನ್ನು ಮತ್ತೆ ತೆರೆದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಎದ್ದು ನಿಂತು ಕೇಳಿದರು: "ಕರೆಂಟ್ ಹೋಗೂಕಿಂತ ಮೊದಲ ತೋರಿಸಿದ ಯಾದಿನೂ ಇದೂ ಒಂದ ಐತೇನ್ರಿ, ಸಾಹೇಬ್ರ?"

ಪಟ್ಟಿ ಅದೇ ಆಗಿತ್ತು. ಆದರೆ ಅದನ್ನು ಆ ಕ್ಷಣದಲ್ಲಿ ಸಿದ್ಧಪಡಿಸಿ ತೋರಿಸಲು ಸಹಿ ಮಾಡಿದ ಮುದ್ರಿತ ಪ್ರತಿಯೊಂದು ಬಿಟ್ಟರೆ ನನ್ನ ಬಳಿ ಬೇರೇನೂ ಇರಲಿಲ್ಲ. ಪ್ರಶ್ನೆ ನ್ಯಾಯವಾದುದೇ. ಹಾಗಾಗಿ ಪರದೆ ಕಪ್ಪಾದ ಕಾರಣವನ್ನು ಹುಡುಕಿದೆ.

ಗಣಕಯಂತ್ರವು ತಾನಾಗಿ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲ. ಎದುರಿಗೆ ಪರದೆ ಇದೆಯೇ, ಅದು ಎಂಥದ್ದು ಎಂದು ಮೊದಲು ವಿಚಾರಿಸುತ್ತದೆ. ಪ್ರತಿಯೊಂದು ಮಾನಿಟರ್, ಟಿವಿ ಅಥವಾ ಪ್ರೊಜೆಕ್ಟರಿನೊಳಗೆ ಒಂದು ಸಣ್ಣ ಪರಿಚಯ ಚೀಟಿ ಇರುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು. ವೆಸಾ ಎಂಬ ಮಾನಕ ಸಂಸ್ಥೆ 1994ರಲ್ಲಿ ರೂಪಿಸಿದ ಈ ಚೀಟಿಯ ಮೂಲ ಗಾತ್ರ ಕೇವಲ 128 ಬೈಟ್. ತಯಾರಕರ ಸಂಕೇತ, ತಯಾರಾದ ವರ್ಷ, ಪರದೆಯ ಅಳತೆ, ಅದು ತೋರಿಸಬಲ್ಲ ಚಿತ್ರದ ಸ್ಪಷ್ಟತೆ ಇವೆಲ್ಲ ಅದರಲ್ಲಿರುತ್ತವೆ. ಎಚ್‌ಡಿಎಂಐ ಕೇಬಲ್ಲಿನ 19 ತಂತುಗಳ ಪೈಕಿ ಎರಡು ಈ ಚೀಟಿಯನ್ನು ಓದುವುದಕ್ಕೆ, ಹತ್ತೊಂಬತ್ತನೆಯದು 'ಪರದೆ ಜೋಡಿಸಲ್ಪಟ್ಟಿದೆ' ಎಂದು ತಿಳಿಸುವುದಕ್ಕೆ ಮೀಸಲು. ಪ್ರೊಜೆಕ್ಟರ್ ಆರಿದೊಡನೆ ಈ ಸೂಚನೆ ಇಲ್ಲವಾಗಬಹುದು. ಆಗ ಗಣಕಯಂತ್ರ ಆ ದಾರಿಯನ್ನೇ ಮುಚ್ಚುತ್ತದೆ. ವಿದ್ಯುತ್ ಮರಳಿದ ಮೇಲೆ ಚೀಟಿಯನ್ನು ಮತ್ತೆ ಓದಬೇಕು. ಉದ್ದನೆಯ ಕೇಬಲ್, ಸಡಿಲವಾದ ತುದಿ, ನಮ್ಮ ಎರೆಭೂಮಿಯ ಧೂಳು ಇವುಗಳಿಂದ ಆ ಓದು ತಪ್ಪಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಇಲ್ಲವೇ ಅಕ್ಷರಗಳು ದಪ್ಪಗೆ, ಒರಟಾಗಿ ಮೂಡುತ್ತವೆ.

ಡಿಸ್‌ಪ್ಲೇ ಎಮ್ಯುಲೇಟರ್ ಈ ಪರಿಚಯ ಚೀಟಿಯ ಸ್ಥಿರ ನಕಲನ್ನು ಇಟ್ಟುಕೊಂಡಿರುವ ಹೆಬ್ಬೆರಳಿನ ಗಾತ್ರದ ಸಾಧನ. ಇದರಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಅಂಗಡಿಯವರು ಡಮ್ಮಿ ಪ್ಲಗ್ ಎನ್ನುತ್ತಾರೆ. ಮಾನಿಟರೇ ಇಲ್ಲದ ಯಂತ್ರಕ್ಕೆ ಚುಚ್ಚಿದರೆ ಮಾನಿಟರ್ ಇದೆಯೆಂದು ಯಂತ್ರ ಭಾವಿಸುತ್ತದೆ. ಎರಡನೆಯದು ಕೇಬಲ್ಲಿನ ನಡುವೆ ಸೇರಿಸುವಂಥದ್ದು. ಚಿತ್ರ ಅದರ ಮೂಲಕ ಹಾದು ಪ್ರೊಜೆಕ್ಟರಿಗೆ ಹೋಗುತ್ತದೆ, ಆದರೆ ಪ್ರೊಜೆಕ್ಟರ್ ಆರಿದರೂ ಗಣಕಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಸಭಾಭವನಕ್ಕೆ ಬೇಕಾದುದು ಈ ಎರಡನೆಯದೇ. ಇದನ್ನು ಕೇಬಲ್ಲಿನ ಗಣಕಯಂತ್ರದ ತುದಿಯಲ್ಲಿಯೇ ಜೋಡಿಸಬೇಕು. ಪ್ರೊಜೆಕ್ಟರಿನ ತುದಿಯಲ್ಲಿ ಹಾಕಿದರೆ ಉದ್ದ ಕೇಬಲ್ಲಿನ ತೊಂದರೆ ಹಾಗೆಯೇ ಉಳಿಯುತ್ತದೆ. ಕೆಲವು ಮಾದರಿಗಳಲ್ಲಿ ಗುಂಡಿಯೊಂದನ್ನು ಒತ್ತಿ ನಿಮ್ಮದೇ ಪ್ರೊಜೆಕ್ಟರಿನ ಚೀಟಿಯನ್ನು ನಕಲು ಮಾಡಿಸಬಹುದು. ಸಾಧ್ಯವಾದರೆ ಅಂಥದ್ದನ್ನೇ ಕೊಳ್ಳುವುದು ಒಳ್ಳೆಯದು.

ಕೊಳ್ಳುವ ಮೊದಲು ಖರ್ಚಿಲ್ಲದ ಪರೀಕ್ಷೆಗಳಿವೆ. ಕಚೇರಿಯ ಮಾನಿಟರನ್ನು ಯುಪಿಎಸ್‌ಗೆ, ಗಣಕಯಂತ್ರ ಇರುವ ಅದೇ ಸಾಲಿಗೆ ಜೋಡಿಸಿ; ಅರ್ಧದಷ್ಟು ದೂರುಗಳು ಇಲ್ಲಿಯೇ ಮುಗಿಯುತ್ತವೆ ಎಂಬುದು ನನ್ನ ಅನುಭವ. ವಿಂಡೋಸ್ ಕೀಲಿಯೊಂದಿಗೆ 'ಪಿ' ಒತ್ತಿ, ಚಿತ್ರ ಬೇರೆ ಪರದೆಗೆ ಹೋಗಿದೆಯೇ ನೋಡಿ. ಚಿಕ್ಕ ಕೇಬಲ್ಲಿನಲ್ಲಿ ಸರಿಯಾಗಿ ಬಂದು ಉದ್ದ ಕೇಬಲ್ಲಿನಲ್ಲಿ ಚುಕ್ಕೆ ಚುಕ್ಕೆಯಾಗಿ ಮಿನುಗಿದರೆ ದೋಷ ಕೇಬಲ್ಲಿನದು. ಎಮ್ಯುಲೇಟರ್ ಅದನ್ನು ಸರಿಪಡಿಸದು. ಯಂತ್ರ ಆರಂಭದಲ್ಲಿಯೇ ಬೀಪ್ ಶಬ್ದ ಮಾಡುತ್ತಿದ್ದರೆ ರ‍್ಯಾಮ್ ತೆಗೆದು ಒರೆಸಿ ಹಾಕಿಸಿ.

ಡಮ್ಮಿ ಪ್ಲಗ್ ನಮಗೆ ಉಪಯೋಗಕ್ಕೆ ಬರುವ ಇನ್ನೊಂದು ಸಂದರ್ಭ ದೂರನಿಯಂತ್ರಣ. ಮಾನಿಟರ್ ಕೆಟ್ಟ ಯಂತ್ರಕ್ಕೆ ತಾಂತ್ರಿಕ ಸಿಬ್ಬಂದಿ ಎನಿಡೆಸ್ಕ್‌ನಂಥ ತಂತ್ರಾಂಶದಿಂದ ಪ್ರವೇಶಿಸಿದಾಗ ಕಪ್ಪು ಪರದೆ ಅಥವಾ ತೀರ ಚಿಕ್ಕ ಚಿತ್ರ ಕಂಡರೆ, ಪ್ಲಗ್ ಹಾಕಿದೊಡನೆ ಪೂರ್ಣ ಚಿತ್ರ ದೊರೆಯುವ ಸಂಭವ ಹೆಚ್ಚು. ಆದರೆ ಇಲ್ಲಿ ಎಚ್ಚರ ಬೇಕು. ಮಾನಿಟರ್ ಇಲ್ಲದ ಯಂತ್ರದೊಳಗೆ ದೂರದಿಂದ ಏನು ನಡೆಯುತ್ತಿದೆ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಅಭಿವೃದ್ಧಿ ಅಧಿಕಾರಿಯ ಅಥವಾ ಅಧ್ಯಕ್ಷರ ಡಿಜಿಟಲ್ ಸಹಿಯ ಟೋಕನ್ ಅಂಥ ಯಂತ್ರಕ್ಕೆ ಚುಚ್ಚಿಯೇ ಇದ್ದರೆ, ಗ್ರಾಮದ ಹಣದ ಬೀಗದ ಕೈಯನ್ನು ಬಾಗಿಲಲ್ಲಿಯೇ ಬಿಟ್ಟುಹೋದಂತೆ. ಟೋಕನ್ ತೆಗೆದು ಬೀರುವಿನಲ್ಲಿಟ್ಟ ನಂತರವೇ ದೂರಪ್ರವೇಶಕ್ಕೆ ಅನುಮತಿ ನೀಡಿ. ಕೆಲಸ ಮುಗಿದೊಡನೆ ತಂತ್ರಾಂಶವನ್ನು ಮುಚ್ಚಿ. ಮಾನಿಟರ್ ಇರುವ ಯಂತ್ರದಲ್ಲಿ ಡಮ್ಮಿ ಪ್ಲಗ್ ಮರೆತು ಬಿಟ್ಟರೂ ತೊಂದರೆಯೇ: ಇಲ್ಲದ ಎರಡನೆಯ ಪರದೆಯೊಂದು ಹುಟ್ಟಿ, ತೆರೆದ ಕಡತಗಳು ಅಲ್ಲಿ ಹೋಗಿ ಅಡಗುತ್ತವೆ.

ಡಮ್ಮಿ ಪ್ಲಗ್ ಬೆಲೆ ಕೆಲವು ನೂರು ರೂಪಾಯಿ. ನಡುವೆ ಸೇರಿಸುವ ಬಗೆಯದು ಸ್ವಲ್ಪ ಹೆಚ್ಚು. ಚಿಕ್ಕ ವಸ್ತುವೆಂದು ಬಿಡದೆ ದಾಸ್ತಾನು ವಹಿಯಲ್ಲಿ ನಮೂದಿಸಿ, ಏಕೆಂದರೆ ಇಂಥವು ಬೇಗ ಕಳೆಯುತ್ತವೆ. ಅಂಚೆಯಲ್ಲಿ ತರಿಸುವವರು ಪಿನ್‌ಕೋಡ್, ತಾಲ್ಲೂಕು, ಜಿಲ್ಲೆ ಮೂರನ್ನೂ ಬರೆಯಬೇಕು. ಕುಕನೂರು ತಾಲ್ಲೂಕಿನ ನಮ್ಮ ಮಂಗಳೂರಿಗೆ ಬರಬೇಕಾದ ಪೊಟ್ಟಣ ಕಡಲ ತೀರದ ಮಂಗಳೂರನ್ನು ನೋಡಿಕೊಂಡು ಬಂದದ್ದುಂಟು.

ಮುಂದಿನ ಗ್ರಾಮ ಸಭೆಯಲ್ಲಿಯೂ ವಿದ್ಯುತ್ ಹೋಯಿತು. ಬಂದೊಡನೆ ಪರದೆಯ ಮೇಲೆ ಅದೇ ಪುಟ, ಅದೇ ಸಾಲು ಮೂಡಿತು. ಅಷ್ಟರಲ್ಲಿ ಪುಟಸಂಖ್ಯೆ, ದಿನಾಂಕ, ಸಹಿ ಇರುವ ಮುದ್ರಿತ ಪಟ್ಟಿಯನ್ನು ಸಭೆಗೆ ಮೊದಲೇ ಗೋಡೆಗೆ ಅಂಟಿಸುವ ಕ್ರಮವನ್ನೂ ಆರಂಭಿಸಿದ್ದೆವು. ಆ ವೃದ್ಧೆ ಮೊಮ್ಮಗಳನ್ನು ಕರೆದುಕೊಂಡು ಬಂದು, ಗೋಡೆಯ ಮೇಲಿನ ಹೆಸರನ್ನು ಓದಿಸಿ ಕೇಳಿದ ನಂತರವೇ ಪರದೆಯ ಕಡೆಗೆ ತಿರುಗಿ ಕುಳಿತರು.