ಮಸ್ಕಿ: ಗುಡ್ಡದ ಮೇಲಿನ ಹೆಸರು, ನೆಲದಡಿಯ ಊರು

ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಒಂದು ಹಳ್ಳ, ಪಕ್ಕದಲ್ಲಿ ಬಂಡೆಗಲ್ಲುಗಳ ದುರ್ಗದ ಗುಡ್ಡ. ನವಶಿಲಾಯುಗದ ಜನರು ನೆಲೆ ಹೂಡಿದ್ದು ಇಲ್ಲಿಯೇ. ನೆಲದಡಿಯ ಊರೆಂದರೆ ಇಟಲಿಯ ಪಾಂಪೇಯಿ ನೆನಪಾಗಬಹುದು; ಅದು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಪಟ್ಟಣ. ಅಲ್ಲಿ ಬೀದಿ, ಮನೆ, ಅಂಗಡಿಗಳ ಗೋಡೆಗಳು ಇಂದಿಗೂ ಕಣ್ಣೆದುರಿಗಿವೆ. ಮಸ್ಕಿಯ ಪುರಾತನ ಊರು ಹಾಗೆ ಕಾಣುವುದಿಲ್ಲ. ಬಲ್ಲವರು ಜೊತೆಯಲ್ಲಿದ್ದು ತೋರಿಸಿದರಷ್ಟೇ ಅದು ಅರ್ಥವಾಗುತ್ತದೆ.

ಮೊದಲು ನೋಡಬೇಕಾದದ್ದು ಮೌರ್ಯ ದೊರೆ ಅಶೋಕನ ಶಾಸನ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುಡ್ಡದ ಬಂಡೆಯೊಂದರ ಮೇಲೆ ಇದನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎಂಟು ಸಾಲು. ಅಕ್ಷರಗಳು ಅಲ್ಲಲ್ಲಿ ಸವೆದಿವೆ. ಆದರೆ ಮೊದಲ ಸಾಲಿನಲ್ಲಿಯೇ ಅಶೋಕ ಎಂಬ ಹೆಸರಿದೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳನ್ನಷ್ಟೇ ಹೇಳುತ್ತಿದ್ದವು. ಆ ಪ್ರಿಯದರ್ಶಿ ಅಶೋಕನೇ ಎಂಬ ವಿದ್ವಾಂಸರ ನಿರ್ಣಯಕ್ಕೆ ಕಲ್ಲಿನ ಸಾಕ್ಷಿ ಒದಗಿಸಿದ ಮೊದಲ ಊರು ಮಸ್ಕಿ. ಧರ್ಮದಲ್ಲಿ ನಡೆದರೆ ಸಾಮಾನ್ಯನೂ ಉನ್ನತಿಗೇರಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎಂಬುದು ಶಾಸನದ ತಿರುಳು. ಪಾಂಪೇಯಿ ಹೂತುಹೋಗುವ ಹೊತ್ತಿಗೆ ಈ ಬರಹಕ್ಕೆ ಮುನ್ನೂರು ವರ್ಷ ಮೀರಿತ್ತು.

ಗುಡ್ಡದಿಂದಿಳಿದರೆ ಕಾಲ ಕೆಳಗೇ ಇನ್ನೂ ಹಳೆಯ ಚರಿತ್ರೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ನೆಲೆಯನ್ನು ಗುರುತಿಸಿದ್ದರು. 1954ರಲ್ಲಿ ಬಿ.ಕೆ. ಥಾಪರ್ ನೇತೃತ್ವದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ಒಂದರ ಮೇಲೊಂದು ನಾಲ್ಕು ಕಾಲಘಟ್ಟಗಳ ಪದರಗಳು ಸಿಕ್ಕವು. ತಳದಲ್ಲಿ ಸಣ್ಣ ಕಲ್ಲಲಗುಗಳು, ಬೂದುಬಣ್ಣದ ಮಡಕೆ ಚೂರು, ಮಣಿ. ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್‌ಶಿಲಾ ಜನರ ಸಮಾಧಿಗಳು. ಬಳಿಕ ಶಾತವಾಹನರ ಕಾಲ. ಎಲ್ಲಕ್ಕೂ ಮೇಲೆ ಮಧ್ಯಯುಗ. ಆ ಮಧ್ಯಯುಗದ ಶಾಸನಗಳಲ್ಲಿ ಊರಿನ ಹೆಸರು ಪಿರಿಯ ಮೊಸಂಗಿ.

ಸುತ್ತಲಿನ ನೆಲೆಗಳನ್ನೂ ಸೇರಿಸಿಕೊಂಡರೇ ಸುತ್ತಾಟ ಪೂರ್ತಿ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್ ಉತ್ಖನನ ಮಾಡಿದರು. ಅಲ್ಲಿನ ಬಂಡೆಗಳ ಮೇಲೆ ಇಣಿಯುಳ್ಳ ಎತ್ತುಗಳನ್ನು ಕುಟ್ಟಿ ಮೂಡಿಸಲಾಗಿದೆ. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆದು ಚಿನ್ನ ತೆಗೆಯುತ್ತಿದ್ದರು. ಮೌರ್ಯರು ಇಷ್ಟು ದಕ್ಷಿಣಕ್ಕೆ ಬಂದು ಶಾಸನ ಬರೆಸಿದ್ದಕ್ಕೆ ಈ ಚಿನ್ನವೂ ಒಂದು ಕಾರಣವೆಂಬ ವಿದ್ವಾಂಸರ ಊಹೆ ಒಪ್ಪುವಂಥದು.

ಮಸ್ಕಿಗೆ ಹೋಗುವವರು ಶಾಸನದ ಅಕ್ಷರಗಳನ್ನು ಕೈಯಿಂದ ಮುಟ್ಟಬಾರದು, ಸುಣ್ಣ ಬಳಿದು ಫೋಟೊ ತೆಗೆಯಬಾರದು. ಹೊಲದಲ್ಲಿ ಕಂಡ ಮಡಕೆ ಚೂರನ್ನು ಅಲ್ಲಿಯೇ ಬಿಡಬೇಕು. ಬಿದ್ದ ಜಾಗ ತಿಳಿಯದಿದ್ದರೆ ಆ ಚೂರು ಯಾವ ಕಾಲದ್ದೆಂದು ಹೇಳುವುದು ಕಷ್ಟ.